ಒಂಟಿ ಬೀಜ ಬಿತ್ತಬಾರದು

ಮಗಳ ಹಿಮ್ಮಡಿ ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ? ಹಿಲಿನಾಳಿಗೆ ಕೂತರೂ ನಿಂತರೂ ಇದೇ ಚಿಂತೆ. ಹಳ್ಳಿಯಿಂದ ಅತ್ತೆ ಕಳಿಸಿದ್ದ ವಿಡಿಯೋದಲ್ಲಿ ಎರಡು ವರ್ಷದ ಸೊಲಿಯಾನ ಕೋಳಿಯ ಹಿಂದೆ ಓಡುತ್ತಿದ್ದಳು. ತಾಯಿ ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದಳು. ಪ್ರತಿಸಲವೂ ಹಿಮ್ಮಡಿ ಕಾಣಬೇಕಾದ ಕಡೆ ಧೂಳು ಎದ್ದಿರುತ್ತಿತ್ತು. ಆ ವಯಸ್ಸಿನ ಮಕ್ಕಳು ಆಟಕ್ಕೂ ತುದಿಗಾಲಲ್ಲಿ ನಡೆಯುತ್ತವೆ ಎಂದು ಎಷ್ಟು ಹೇಳಿಕೊಂಡರೂ ಎದೆ ಕೇಳುತ್ತಿರಲಿಲ್ಲ.

ಅವಳಿಗೆ ಕೆಲಸ ಪಟ್ಟಣದ ಬೀಜ ಸಂಶೋಧನಾ ಕೇಂದ್ರದಲ್ಲಿ. ಗುವಾಯ ಬೇಳೆಯ ಎಳೆ ಎಲೆ ಅರೆದು, ಡಿಎನ್‌ಎ ಬೇರ್ಪಡಿಸಿ, ಅದನ್ನು ಓದುವ ಯಂತ್ರಕ್ಕೆ ಕೊಡಬೇಕು. ಗುವಾಯ ಹಟಮಾರಿ ಬೆಳೆ. ಮಳೆ ಹೋದ ಮೇಲೂ ಕರಿಮಣ್ಣಿನ ತೇವವನ್ನಷ್ಟೇ ಕುಡಿದು ಕಾಯಿ ಕಟ್ಟುತ್ತದೆ. ಬೇರೆಲ್ಲ ಒಣಗಿದ ವರ್ಷ ಅದೊಂದು ಉಳಿಯುತ್ತದೆ. ಆದರೆ ಅದನ್ನೇ ನೆಚ್ಚಿಕೊಂಡು ಎರಡು ಮೂರು ತಿಂಗಳು ಉಂಡವರ ಹಿಮ್ಮಡಿ ಮೊದಲು ನೆಲ ಬಿಡುತ್ತದೆ, ಆಮೇಲೆ ಕಾಲು ಬೀಳುತ್ತದೆ, ಬಿದ್ದ ಕಾಲು ಮತ್ತೆ ಏಳುವುದಿಲ್ಲ. ಆ ವಿಷ ಕಟ್ಟುವ ಜೀನ್ ಯಾವುದೆಂದು ಹುಡುಕಿ, ಅದು ಸೊರಗಿದ ಗಿಡಗಳನ್ನೇ ಆರಿಸುತ್ತ ಹೋಗಿ ಕೇಂದ್ರದವರು ಹನ್ನೆರಡು ವರ್ಷಕ್ಕೆ ಒಂದು ತಳಿ ಮಾಡಿದ್ದರು. ಅತ್ತೆಯ ಊರಿಗೆ ಅದನ್ನು ಹಂಚಿ ಮೂರು ಸುಗ್ಗಿ ಕಳೆದಿದ್ದವು.

ಅತ್ತೆ ತಿರಿಂಗೊಗೆ ಗುವಾಯದ ಕಥೆಯನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಹಸಿವಿನ ವರ್ಷದಲ್ಲಿ ಅವಳಿಗೆ ಹದಿನೇಳು. ಮನೆಯಲ್ಲಿದ್ದ ಚೂರುಪಾರು ಬಾರ್ಲಿ ಚಿಕ್ಕ ತಮ್ಮನಿಗೆ, ಗುವಾಯ ಉಳಿದವರಿಗೆ. ಒಂದು ಬೆಳಿಗ್ಗೆ ನೀರು ಹೊತ್ತು ಬರುವಾಗ ಮೊಣಕಾಲುಗಳು ಒಂದಕ್ಕೊಂದು ಕತ್ತರಿ ಹಾಕಿಕೊಂಡವು, ಕೊಡ ಒಡೆಯಿತು. ಅಂದಿನಿಂದ ಎರಡು ಕೋಲೇ ಕಾಲು. ಬಾರ್ಲಿ ತಿಂದ ತಮ್ಮನೂ ಉಳಿಯಲಿಲ್ಲ. ಹೆಂಡತಿ ಸತ್ತವನೊಬ್ಬ ಮುಂದೆ ಇವಳನ್ನು ಕಟ್ಟಿಕೊಂಡ. ಅವನೂ ಬೇಗ ಹೋದ. ಕೂತಲ್ಲೇ ಹತ್ತಿ ನೂತು ಮಗ ಅಯಾಲ್ನೆಯನ್ನು ಬೆಳೆಸಿದಳು. ಅವನೇ ಹಿಲಿನಾಳ ಗಂಡ, ಈಗ ಗಡಿಯತ್ತ ಲಾರಿ ಓಡಿಸುತ್ತಾನೆ.

ಊರಿನಲ್ಲಿ ಅವಳದು ಒಂದೇ ಜಪ. ಗುವಾಯವನ್ನು ರಾತ್ರಿಯಿಡೀ ನೆನೆಹಾಕಿ, ನೀರು ಚೆಲ್ಲಿ, ಬೇಯಿಸಿ, ಮತ್ತೆ ಚೆಲ್ಲಿ, ವಿಷ ಇಳಿದು ಹೋಗಲಿ. ನೀರೋ ಒಂದು ಗಂಟೆಯ ಇಳಿಜಾರಿನಾಚೆ. "ಬಂದ್ಲಪ್ಪಾ ಚೆಲ್ಲೋ ತಿರಿಂಗೊ, ಬಿಂದಿಗೆ ಒಳಗಿಡ್ರೇ!" ಎಂದು ಹೆಂಗಸರು ಗೇಲಿ ಮಾಡುತ್ತಿದ್ದರು, ಆದರೆ ಚೆಲ್ಲುತ್ತಿದ್ದರು.

ಹೊಸ ಬೀಜ ಬಂದಾಗ ಊರಿನ ಗಂಡಸರು ನಂಬಲಿಲ್ಲ. ತಿರಿಂಗೊ ಕೋಲೂರುತ್ತ ನಲವತ್ತು ಮನೆ ಹತ್ತಿಳಿದಳು. "ನೋಡ್ರೋ, ಕಾಲು ಕಳ್ಕೊಂಡೋಳು ಹೇಳ್ತಿದೀನಿ. ಇದು ಕಾಲು ತಿನ್ನಲ್ಲ. ನನ್ ಸೊಸೆ ಎಲೆ ಅರೆದು ಅದರ ಹಣೆಬರಹಾನೇ ಓದಿದಾಳೆ!" ಊರು ಬಿತ್ತಿತು. ಹೆಂಗಸರು ನೀರು ಚೆಲ್ಲುವುದನ್ನು ಬಿಟ್ಟರು. ದಿನಕ್ಕೆ ಎರಡು ಕೊಡ ಉಳಿಯಿತೆಂದು ತಿರಿಂಗೊಳ ಕೈಗೆ ಮುತ್ತಿಟ್ಟರು.

ಮೊದಲ ಸಲ ಬಿತ್ತುವ ದಿನ ಹಿಲಿನಾ ಅಲ್ಲೇ ಇದ್ದಳು, ಹೊಸ ಮದುವಣಗಿತ್ತಿ. ಅತ್ತೆ ಒಳಗಿನ ಹಳೆಯ ಮಡಕೆಯಿಂದ ಒಂದು ಹಿಡಿ ಗುವಾಯ ತಂದು ಹೊಸ ಬೀಜಕ್ಕೆ ಬೆರೆಸಿದಳು. "ಒಂಟಿ ಬೀಜ ಬಿತ್ತಬಾರ್ದು ಮಗಳೇ. ಮನೆ ಬೀಜ ಜೊತೆಗಿಲ್ದೇ ಹೋದ್ರೆ ಹೊಸದಕ್ಕೆ ದಾರಿ ತಿಳಿಯಲ್ಲ." ಪ್ರತಿ ಮನೆಯಲ್ಲೂ, ಪ್ರತಿ ಬಿತ್ತನೆಗೂ ಹಾಗೆಯೇ ಆಯಿತು. ಚೆಂದದ ಪದ್ಧತಿ ಎಂದುಕೊಂಡು ಹಿಲಿನಾ ನಕ್ಕಿದ್ದಳು. ಕೇಂದ್ರದವರು ಕೇಳಲಿಲ್ಲ, ಊರಿನವರು ಹೇಳಲಿಲ್ಲ. ಓದಿಕೊಂಡವಳು ಕಣ್ಣಾರೆ ಕಂಡೂ ಯೋಚಿಸಲಿಲ್ಲ. ಮಿಕ್ಕಿದ್ದನ್ನು ಮೂರು ಹೂಗಾಲ ಜೇನುನೊಣಗಳು ಮಾಡಿದವು.

ಹೋದ ವಾರ ಮಂಗಳವಾರ ಫಲಿತಾಂಶ ಬಂದಿತ್ತು. ಊರಿನಿಂದ ತಂದ ಎಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹಳೆಯ ಜೀನನ್ನೇ ತೋರಿಸಿದವು. ಬೇಳೆಯಲ್ಲಿ ವಿಷವೂ ಹಾಗೆಯೇ ಏರಿತ್ತು.

"ಎಲ್ಲೋ ಮಾದರಿ ಅದಲುಬದಲಾಗಿರ್ಬೇಕು," ಎಂದರು ಕೇಂದ್ರದ ಮುಖ್ಯಸ್ಥ ಡಾಕ್ಟರ್ ಗೆದ್ಲು. "ಎರಡನೇ ಪರೀಕ್ಷೆಗೆ ಹದಿನೈದು ದಿನ. ಅಲ್ಲೀವರೆಗೂ ಯಾರೂ ಬಾಯಿ ಬಿಡಬೇಡಿ. ಈಗ ಸುದ್ದಿ ಹಬ್ಬಿದ್ರೆ ಇನ್ನು ಯಾವ ಊರೂ ನಮ್ಮ ಬೀಜ ಮುಟ್ಟಲ್ಲ."

ಅದಲುಬದಲಲ್ಲ ಸಾರ್, ಒಂದು ಹಿಡಿ ಎಂದು ಹೇಳಬೇಕಿತ್ತು. ಹದಿನೈದು ದಿನ ಅವರೇನು ತಿನ್ನಬೇಕು ಎಂದು ಕೇಳಬೇಕಿತ್ತು. "ಸರಿ ಸಾರ್" ಎಂದು ಹೊರಗೆ ಬಂದಳು.

ಅದು ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸದ ಕಾಲ. ಐವತ್ತೈದು ದಿನ ಮಾಂಸವಿಲ್ಲ, ಹಾಲಿಲ್ಲ, ಬೆಣ್ಣೆಯಿಲ್ಲ. ಇಂಜೆರಾ ರೊಟ್ಟಿಯ ಮೇಲೆ ದಿನವೂ ಗುವಾಯ ಹಿಟ್ಟಿನ ಶಿರೋ ಸಾರೇ. ಲಸಿಕೆಯ ನೆಪ ಹೇಳಿ ಮಗಳನ್ನು ಕರೆಸಿಕೊಂಡರೆ? ಈ ಉಪಾಯ ಹೊಳೆದಾಗ ಹಿಲಿನಾಳಿಗೆ ಮೊದಲು ನೆಮ್ಮದಿಯಾಯಿತು, ಆಮೇಲೆ ಉಳಿದ ಮನೆಗಳ ಮಕ್ಕಳು ನೆನಪಾದರು. ಕರೆಸಲೂ ಇಲ್ಲ, ಬಿಡಲೂ ಇಲ್ಲ. ದಿನಗಳು ಹೋದವು.

ಗುರುವಾರ ಮಧ್ಯಾಹ್ನ ಅತ್ತೆಯ ಧ್ವನಿ ಸಂದೇಶ ಬಂತು. "ನಿನ್ ಮಗಳು ಹಾಲು ಬೇಡ ಅಂತಾಳೆ ಕಣೇ! ಶಿರೋ ಬಟ್ಲು ನೆಕ್ತಾ ಕೂತಿರ್ತಾಳೆ. ನಮ್ ಜೊತೆ ಉಪವಾಸ ಹಿಡಿದಾಳೆ, ಪುಟ್ಟ ಸನ್ಯಾಸಿನಿ!"

ಹಿಲಿನಾ ಕೇಂದ್ರದ ಹಿಂದಿನ ನೀಲಗಿರಿ ಮರಗಳ ಕೆಳಗೆ ಹೋಗಿ ಫೋನ್ ಹಚ್ಚಿದಳು.

"ಆಯುಷ್ಯ ಗಟ್ಟಿ ನಿಂದು, ಈಗಷ್ಟೇ ನಿನ್ನ ಮಾತೇ ಆಡ್ತಿದ್ವಿ. ಎಲ್ಲಾ ಕಾಫಿಗೆ ಬಂದಿದಾರೆ," ಎಂದಳು ತಿರಿಂಗೊ. ಹಿಂದೆ ಕಾಫಿ ಬೀಜ ಕುಟ್ಟುವ ಸದ್ದು, ನಗು.

"ಎಮಾಯೆ, ಮಗೂಗೆ ಲಸಿಕೆ..." ಅಮ್ಮ ಎಂದು ಕರೆದು ಸುಳ್ಳು ಹೇಳಲಾರದೆ ಆ ನೆಪವನ್ನು ಅಲ್ಲೇ ಬಿಟ್ಟಳು. "ಎಮಾಯೆ, ಗುವಾಯ ಬೇಯಿಸ್ಬೇಡಿ. ಯಾರೂ ತಿನ್ಬೇಡಿ. ವಿಷ ವಾಪಸ್ ಬಂದಿದೆ."

"ಹೊಸ ಬೀಜ ಅಲ್ವೇನೇ?"

"ಹಳೇದು ಬೆರೆತುಬಿಟ್ಟಿದೆ. ನಾವು ಬೆರೆಸಿದ್ದ ಹಿಡಿ."

ತಿರಿಂಗೊ ಹೇಳಿದಳು, "ನಲವತ್ತು ಮನೆಗೆ ಒಂದ್ಸಲ ನಾನು ಹೇಳ್ದೆ. ಈಗ ನೀನು ಹೇಳು." ಸ್ಪೀಕರ್ ಒತ್ತಿ ಫೋನನ್ನು ಕಾಫಿ ತಟ್ಟೆಯ ಮೇಲಿಟ್ಟಳು. ಬಟ್ಟಲುಗಳು ತಾಕಿದ ಸದ್ದಾಯಿತು. ಕುಟ್ಟುವುದು ನಿಂತಿತು.

ಹಿಲಿನಾ ಹೇಳಿದಳು. ಎಲೆ, ಜೀನ್, ಜೇನುನೊಣ, ಹಿಡಿ ಬೀಜ, ಎಲ್ಲವನ್ನೂ. ಇವತ್ತಿನಿಂದ ನಿಲ್ಲಿಸಿ, ಬೇರೇನೂ ಇಲ್ಲದವರು ಮೊದಲಿನಂತೆ ನೀರು ಚೆಲ್ಲಿ ಎಂದಳು. ಯಾರ ಮನೆಯಲ್ಲಾದರೂ ಬೆಳಿಗ್ಗೆ ಕಾಲು ಬಿಗಿ ಅನ್ನುತ್ತಾರೆಯೇ ಎಂದು ಕೇಳಿದಳು.

ಪಕ್ಕದ ಮನೆಯ ಜೆಮೆನಾಯಳ ದನಿ ಬಂತು. "ನಮ್ಮನೆಯವ್ರು ಭಾನುವಾರ ಪೂಜೆಗೆ ಹೋಗುವಾಗ ಮೊಣಕಾಲು ಮಡಚಕ್ಕೇ ಆಗಲ್ಲ ಅಂದ್ರು. ಎತ್ತು ಗುದ್ದಿರ್ಬೇಕು ಅಂತ ನಾನೇ ಬೆಣ್ಣೆ ತಿಕ್ಕಿದೆ."

"ಮಗು?" ಎಂದಳು ಹಿಲಿನಾ.

"ನನ್ ತೊಡೆ ಮೇಲಿದೆ," ಎಂದಳು ತಿರಿಂಗೊ. "ಹಿಲಿನಾ, ಇದು ನಿನಗೆ ಯಾವತ್ತು ಗೊತ್ತಾಯ್ತು?"

ಇವತ್ತು ಎನ್ನಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ.

"ಒಂಬತ್ತು ದಿನ ಆಯ್ತು, ಎಮಾಯೆ."

ಆ ಕಡೆ ಯಾರೋ ಎದ್ದು ಹೋಗಿ ಶಿರೋ ಪಾತ್ರೆಯನ್ನು ಅಂಗಳಕ್ಕೆ ಬೋರಲು ಹಾಕಿದ ಸದ್ದಾಯಿತು. ಫೋನನ್ನು ಯಾರೂ ಇಡಲಿಲ್ಲ.