ಏಳದೆ ನಿಂತ ಸೇತುವೆ

ಬೆಳಕು ಇನ್ನೂ ಹರಿದಿಲ್ಲ. ಮಂಜಿನಲ್ಲಿ ನದಿಯೂ ಇಲ್ಲ, ದಡವೂ ಇಲ್ಲ. ನಡುವೆ ತೇಲುತ್ತಿರುವಂತೆ ಒಂದು ಗಾಜಿನ ಕೋಣೆ. ಅದರೊಳಗೆ ಕಾಲು ಮಡಚಿ ಕೂತ ಹೆಂಗಸನ್ನು ಇಲ್ಲಿನವರು ಸೇತುವೆ ಅಕ್ಕ ಅನ್ನುತ್ತಾರೆ. ದೋಣಿ ಬಂದಾಗ ರೆಕ್ಕೆ ಬಿಚ್ಚಿದಂತೆ ಮೇಲೇಳುವ ಈ ಸೇತುವೆಗೆ ಬುದ್ಧಿ ಹೇಳುವ ತಂತ್ರಾಂಶ ಅವರದೇ. ಇವತ್ತು ಪರೀಕ್ಷೆಯ ಕಡೆಯ ದಿನ. ಏನಾದರೂ ಎಡವಟ್ಟಾದರೆ ಕೈಯಿಂದ ಎಳೆಯುವ ಹಳೆಯ ಸನ್ನೆಕೋಲೇ ವಾಪಸ್ ಎಂದು ಮೇಲ್ವಿಚಾರಕರು ಕಡ್ಡಿ ಮುರಿದಂತೆ ಹೇಳಿದ್ದಾರೆ. ಹಾಗಾದರೆ ಅಕ್ಕನ ವರ್ಷಗಳ ದುಡಿಮೆ ನೀರುಪಾಲು.

ರಸ್ತೆ ಮುಚ್ಚುವ ಗೇಟಿಗೊಂದು, ಗಂಟೆಗೊಂದು, ದೀಪಕ್ಕೊಂದು, ಮೋಟಾರಿಗೊಂದು ಪುಟ್ಟ ಕಂಪ್ಯೂಟರ್. ಎಲ್ಲವೂ ಪೇಟೆಯ ಅಂಗಡಿಯಲ್ಲಿ ಸಿಗುವಂಥವೇ. "ಒಬ್ಬೊಬ್ಬರಿಗೂ ಒಂದೊಂದೇ ಕೆಲಸ. ಪಕ್ಕದವರ ಹೊಟ್ಟೆಯೊಳಗೆ ಏನಿದೆ ಅಂತ ಇಣುಕೋ ಹಾಗಿಲ್ಲ, ಕೇಳಿ ತಿಳ್ಕೋಬೇಕು. ಉತ್ತರ ಸರಿ ಇದ್ರೂ ತಡವಾಗಿ ಬಂದ್ರೆ ಅದು ತಪ್ಪೇ" ಎನ್ನುತ್ತಾರೆ ಅಕ್ಕ.

ಈ ವಿನ್ಯಾಸ ಪಳಗಿದ್ದು ಮನೆಯ ಊಟದ ಮೇಜಿನ ಸುತ್ತ. ಮನೆಯವರೇ ಒಂದೊಂದು ಯಂತ್ರದ ಪಾತ್ರ ಹಾಕುತ್ತಿದ್ದರು. ಗಂಡ ಗಂಟೆ, ಅತ್ತೆ ಮೋಟಾರು. ಒಂದು ಕಾಲಕ್ಕೆ ಇದೇ ಸೇತುವೆಯ ಸನ್ನೆಕೋಲು ಎಳೆದಿದ್ದ ಅಪ್ಪ ಗೇಟು. ಒಬ್ಬರು ಕೇಳಬೇಕು, ಇನ್ನೊಬ್ಬರು ಉತ್ತರಿಸಬೇಕು. ಒಂದು ಮಧ್ಯಾಹ್ನ ಗೇಟು ಕೂತಲ್ಲೇ ತೂಕಡಿಸಿತು. "ಬೀಗರೇ, ಮುಚ್ಚಿದ್ರೋ ಇಲ್ವೋ? ನೀವು ಹೂಂ ಅನ್ನೋ ತನಕ ನಾನಂತೂ ಏಳಲ್ಲ" ಎಂದು ಅತ್ತೆ ಕೈಕಟ್ಟಿ ಕೂತುಬಿಟ್ಟರು. ಗೇಟಿನಿಂದ ದೂರು ಬಾರದಿದ್ದರೆ ಅದು ಮುಚ್ಚಿದೆಯೆಂದೇ ಸೊಸೆ ಅಲ್ಲಿಯತನಕ ತಂತ್ರಾಂಶದಲ್ಲಿ ಬರೆದಿದ್ದರು. ಆ ಸಾಲು ಅವತ್ತೇ ಹೋಯಿತು. ಅತ್ತೆಯ ಹಟ ಮೋಟಾರಿಗೆ ಬಂತು.

ಈಗ ಮಂಜಿನೊಳಗಿಂದ ದೋಣಿಯ ಕೊಂಬು ಮೊಳಗುತ್ತದೆ. ಗಂಟೆ ಬಡಿದುಕೊಳ್ಳುತ್ತದೆ, ದೀಪ ಕೆಂಪಾಗುತ್ತದೆ. ಆಚೆ ದಡದ ಗೇಟು ಮಾತ್ರ ಉಸಿರೆತ್ತುವುದಿಲ್ಲ. ಕೊಟ್ಟ ಗಡುವು ಮೀರುತ್ತದೆ. ಮೋಟಾರು ಅಲುಗದೆ ನಿಲ್ಲುತ್ತದೆ. ಮೇಲೆ ಕೂತವರು ಮಲಗಿದ್ದಾರೋ ಹೇಗೆ ಎಂದು ದೋಣಿಯವನು ಕೆಳಗಿಂದ ರೇಗುತ್ತಾನೆ. ಅಕ್ಕನ ಪಕ್ಕದಲ್ಲೇ ನಿಂತ ಮೇಲ್ವಿಚಾರಕರ ಹುಬ್ಬು ಗಂಟಿಕ್ಕುತ್ತದೆ.

ಆಗ ಸೇತುವೆಯ ನಟ್ಟನಡುವೆ, ಯಾರದೋ ಕನಸಿನಿಂದ ಜಾರಿ ಬಿದ್ದಂತೆ, ಒಂದು ಸೈಕಲ್ಲು ಮೂಡುತ್ತದೆ. ತೆರೆದೇ ಇದ್ದ ಗೇಟು ದಾಟಿ, ಕಿವಿಗೆ ಮಫ್ಲರ್ ಬಿಗಿದ ಬ್ರೆಡ್ಡಿನವನು ಏನೋ ಗುನುಗುತ್ತ ಗಾಜಿನ ಕೋಣೆಯ ಪಕ್ಕದಲ್ಲೇ ಹಾದು ಮಂಜಿನಲ್ಲಿ ಕರಗುತ್ತಾನೆ.

ಮೇಲ್ವಿಚಾರಕರು ಅವನು ಹೋದ ದಾರಿಯನ್ನೇ ಬಹಳ ಹೊತ್ತು ನೋಡುತ್ತಾರೆ. "ಆ ಗೇಟಿನ ಕಂಪ್ಯೂಟರ್ ಬದಲಾಯಿಸಿ. ಉಳಿದದ್ದೆಲ್ಲ ಹೀಗೇ ಇರಲಿ" ಎಂದಷ್ಟೇ ಹೇಳಿ ಮೆಟ್ಟಿಲಿಳಿಯುತ್ತಾರೆ.

ಅಕ್ಕ ಗಾಜಿನ ಮೇಲಿನ ಹಬೆ ಒರೆಸುತ್ತಾರೆ. "ಗೇಟು ಇವತ್ತೂ ತೂಕಡಿಸ್ತು ಅಂತ ಅಪ್ಪಂಗೆ ಹೇಳ್ಬೇಕು" ಎಂದು ನಗುತ್ತಾರೆ. ಆಮೇಲೆ, ಮೆಲ್ಲಗೆ: "ಪಾಪ, ಅವನಿಗೇನೂ ಗೊತ್ತಾಗ್ಲಿಲ್ಲ ನೋಡಿ. ನಾಳೆನೂ ಹೀಗೇ ಹಾಡ್ಕೊಂಡು ಹೋಗ್ಲಿ."