ಒಂದು ಸಾಲು ಹಿಂದೆ

ಮೂವತ್ತು ಹುಡುಗರು ನೆಲದ ಮೇಲೆ ಅಂಗಾತ ಮಲಗಿದ್ದರು. ಪ್ರತಿಯೊಬ್ಬನ ಹೊಟ್ಟೆಯ ಮೇಲೂ ಒಂದೊಂದು ದಪ್ಪ ಪುಸ್ತಕ, ಮುಖಕ್ಕೆ ಮಾಸ್ಕ್. ಮಾತಿಲ್ಲ, ಕಥೆಯಿಲ್ಲ. ಪುಸ್ತಕಗಳು ಮಾತ್ರ ಒಟ್ಟಿಗೆ ಮೇಲೇಳುತ್ತಿದ್ದವು, ಒಟ್ಟಿಗೆ ಕೆಳಗಿಳಿಯುತ್ತಿದ್ದವು. ಒಂಬತ್ತು ವರ್ಷದ ಮಗ ಜೀವನ್‌ನ ಕೈ ಹಿಡಿದು ವಾಷಿಂಗ್ಟನ್ನಿನ ಆ ಹಳೆಯ ಚರ್ಚಿನ ನೆಲಮಾಳಿಗೆಯ ಬಾಗಿಲಲ್ಲಿ ನಿಂತ ನನಗೆ, ಇಲ್ಲೇನೋ ಅನಾಹುತ ಆಗಿದೆ ಅನ್ನಿಸಿಬಿಟ್ಟಿತು. ಹಾಡು ಕಲಿಸುತ್ತಾರೆಂದು ಕರೆದುಕೊಂಡು ಬಂದರೆ ಮಕ್ಕಳನ್ನು ಮಲಗಿಸಿದ್ದಾರಲ್ಲ! ಮಂಗಳೂರಿನ ನಮ್ಮ ಸಂಡೇ ಸ್ಕೂಲಿನಲ್ಲಿ ಹಾಡು ಕಲಿಯುವುದೆಂದರೆ ಬೆನ್ನು ನೆಟ್ಟಗೆ ಮಾಡಿ ನಿಂತು ಕೂಗುವುದು. ಯಾರ ಗಂಟಲು ದೊಡ್ಡದೋ ಅವರೇ ಗಾಯಕರು.

ಬಿಳಿ ಗಡ್ಡದ ಎತ್ತರದ ಮನುಷ್ಯರೊಬ್ಬರು ತುದಿಗಾಲಲ್ಲಿ ಬಂದು, "ಮೊದಲ ಕೆಲವು ವಾರ ನಾವು ಹಾಡುವುದಿಲ್ಲ. ಉಸಿರಾಡುವುದನ್ನು ಕಲಿಯುತ್ತೇವೆ" ಎಂದು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದರು. ಅವರನ್ನು ಎಲ್ಲರೂ ಕಾಂಟೋರ್ ಎಂದು ಕರೆಯುತ್ತಿದ್ದರು. ಜರ್ಮನ್ ಚರ್ಚುಗಳಲ್ಲಿ ಹಾಡು ಕಲಿಸುವ, ಆರ್ಗನ್ ನುಡಿಸುವ ಗುರುವಿಗೆ ಆ ಹೆಸರು. ಉಸಿರಾಡುವುದನ್ನು ಕಲಿಯಲು ನಮ್ಮ ಮನೆಯಿದ್ದ ಹರ್ನ್‌ಡನ್ನಿನಿಂದ ವಾರಕ್ಕೆರಡು ಸಲ ಡ್ರೈವ್ ಮಾಡಿಕೊಂಡು ಬರಬೇಕೇ ಎಂದು ನಾನು ಒಳಗೊಳಗೇ ಗೊಣಗಿದೆ. ಅಷ್ಟರಲ್ಲಿ ಜೀವನ್ ನನ್ನ ಕೈ ಬಿಡಿಸಿಕೊಂಡು ಹೋಗಿ ಸಾಲಿನ ಕೊನೆಯಲ್ಲಿ ಮಲಗಿಯಾಗಿತ್ತು.

ಅವನು ಹಾಗೆ ತಾನಾಗಿ ಎಲ್ಲಿಗಾದರೂ ಹೋಗಿ ಸೇರಿಕೊಂಡದ್ದನ್ನು ನಾನು ನೋಡಿ ಬಹಳ ದಿನವಾಗಿತ್ತು. ನನ್ನ ಗಂಡ ರಂಜನ್‌ನದು ಕಾಂಟ್ರಾಕ್ಟ್ ಕೆಲಸ. ಅಟ್ಲಾಂಟಾದಲ್ಲಿ ಎರಡು ವರ್ಷ, ಏಪೆಕ್ಸ್‌ನಲ್ಲಿ ಒಂದೂವರೆ, ಆಮೇಲೆ ಹರ್ನ್‌ಡನ್. ಏಪೆಕ್ಸ್‌ಗೆ ಹೋದ ತಿಂಗಳಲ್ಲೇ ಕೊರೊನಾ ಬಂದು ಶಾಲೆ ಮುಚ್ಚಿತು. ಆ ಊರಿನ ಮಕ್ಕಳನ್ನು ಜೀವನ್ ನೋಡಿದ್ದೆಲ್ಲ ಲ್ಯಾಪ್‌ಟಾಪಿನ ಪುಟ್ಟ ಪುಟ್ಟ ಚೌಕಗಳಲ್ಲಿ. ಹರ್ನ್‌ಡನ್ನಿಗೆ ಬರುವಾಗ ಅವನು ಮಾತು ಕಡಿಮೆ ಮಾಡಿದ್ದ. ಮಾತಿನ ಬದಲು ಇಡೀ ದಿನ ಏನಾದರೊಂದು ಗುನುಗುತ್ತಿದ್ದ. ಅದನ್ನು ಗಮನಿಸಿದ ಅವನ ಟೀಚರ್ ಒಬ್ಬರು ಚರ್ಚಿನಲ್ಲಿ ಒಟ್ಟಾಗಿ ಹಾಡುವ ಈ ಹುಡುಗರ ಕ್ವಾಯರಿನ ವಿಳಾಸ ಕೊಟ್ಟಿದ್ದರು.

ನಾನೂ ಆಗ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದ ಕಾಲ. ಯಾವ ಅಪಾರ್ಟ್‌ಮೆಂಟಿನಲ್ಲೂ ಗೋಡೆಗೆ ಮೊಳೆ ಹೊಡೆಯಲು ಮನಸ್ಸು ಬರುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಹೊರಡಬೇಕಾದರೆ ಎಂದು ಮಿಕ್ಸಿಯ ರಟ್ಟಿನ ಪೆಟ್ಟಿಗೆಯನ್ನು ಸಹ ಎಸೆಯುತ್ತಿರಲಿಲ್ಲ. "ಎಷ್ಟು ಸಲ ಪಾತ್ರೆ ಕಟ್ಟುದು ಮಗಾ ನೀನು?" ಎಂದು ಮಂಗಳೂರಿನಿಂದ ಅಮ್ಮ ಫೋನಿನಲ್ಲಿ ಕೇಳುತ್ತಿದ್ದರು. ಕ್ವಾಯರಿಗೆ ಸೇರಿದ ಎರಡನೇ ತಿಂಗಳು ಜೀವನ್ ಊಟದ ಮಧ್ಯೆ, "ಅಮ್ಮ, ಆರ್ ವಿ ಮೂವಿಂಗ್ ಅಗೇನ್?" ಎಂದ. ನಾನು ಹಿಂದೆಮುಂದೆ ನೋಡದೆ ಮಾತು ಕೊಟ್ಟುಬಿಟ್ಟೆ. "ಇಲ್ಲ. ನೀನು ಕ್ವಾಯರಲ್ಲಿ ಹಾಡುವಷ್ಟು ದಿನ ಎಲ್ಲಿಗೂ ಹೋಗುದಿಲ್ಲ." ರಂಜನ್ ತಲೆಯೆತ್ತಿ ನನ್ನನ್ನು ನೋಡಿ ಮತ್ತೆ ತಟ್ಟೆ ನೋಡಿಕೊಂಡ.

ಹೀಗೆ ಮೂರು ಜನರ ಸಂಸಾರವೊಂದು ಒಬ್ಬ ಹುಡುಗನ ಗಂಟಲಿಗೆ ಜೋತುಬಿತ್ತು.

ಆ ಕ್ವಾಯರಿನ ಶಿಸ್ತನ್ನು ಮೊದಮೊದಲು ನಾನು ಬೈದುಕೊಂಡದ್ದೇ ಹೆಚ್ಚು. ಬೂಟಿಗೆ ಪಾಲಿಶ್ ಇಲ್ಲದಿದ್ದರೆ ಬಾಗಿಲಲ್ಲೇ ತಡೆ. ಎರಡು ನಿಮಿಷ ತಡವಾದರೆ ಕ್ಷಮೆ ಕೇಳಬೇಕಾದದ್ದು ಕಾಂಟೋರ್ ಹತ್ತಿರ ಅಲ್ಲ, ಮೂವತ್ತು ಹುಡುಗರ ಹತ್ತಿರ. ಪ್ರತಿ ಹೊಸಬನಿಗೆ ಒಬ್ಬ ಹಿರಿಯ ಹುಡುಗ ಜೊತೆ. ಚಿಕ್ಕವನು ತಪ್ಪಿದರೆ ಕಾಂಟೋರ್ ನೋಡುವುದು ಆ ದೊಡ್ಡವನ ಮುಖ. ಉಸಿರಾಟದ ಪಾಠ ಮುಗಿದ ಮೇಲೆ 'ನೂ', 'ಮೋ' ಎಂಬ ಎರಡೇ ಶಬ್ದಗಳಲ್ಲಿ ವಾರಗಟ್ಟಲೆ ಅಭ್ಯಾಸ. ದನಿಯನ್ನು ಮೇಲಿನಿಂದ ಕೆಳಗೆ ಇಳಿಸಿಕೊಂಡು ಬರಬೇಕು, ಕೆಳಗಿನಿಂದ ಮೇಲಕ್ಕೆ ತಳ್ಳಬಾರದು. ಮೇಲಿನಿಂದ ಹಗುರವಾಗಿ ಬಂದ ದನಿ ಆಯಾಸಗೊಳ್ಳುವುದಿಲ್ಲವಂತೆ.

ಬಿಡುವಿನಲ್ಲಿ ಕಾಂಟೋರ್ ಮಕ್ಕಳಿಗೆ ಹಳೆಯ ಕಥೆ ಹೇಳುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಕೂತ ನಮ್ಮಂಥ ತಂದೆತಾಯಿಗಳಿಗೂ ಕೇಳಿಸುತ್ತಿತ್ತು. ಶತಮಾನಗಳ ಹಿಂದೆ ಜರ್ಮನಿಯ ಚರ್ಚು ಶಾಲೆಗಳಲ್ಲಿ ಬಡವರ ಮನೆಯ ಹುಡುಗರನ್ನು ಇಟ್ಟುಕೊಂಡು ಊಟ, ಲ್ಯಾಟಿನ್ ಪಾಠ ಕೊಡುತ್ತಿದ್ದರು. ಅದಕ್ಕೆ ಬದಲಾಗಿ ಅವರು ಪ್ರಾರ್ಥನೆಗಳಲ್ಲಿ, ಮದುವೆಗಳಲ್ಲಿ, ಸಾವಿನ ಮನೆಗಳ ಮುಂದೆ ಹಾಡಬೇಕಿತ್ತು. ಚಳಿಯಲ್ಲಿ ಕರಿ ನಿಲುವಂಗಿ ಹಾಕಿಕೊಂಡು ಬೀದಿ ಬೀದಿಯಲ್ಲಿ ಹಾಡಿ ಬ್ರೆಡ್ಡು ಬೇಡಿ ತರುತ್ತಿದ್ದದ್ದೂ ಉಂಟು. ಕಾಂಟೋರ್ ಕೂಡ ಅಂಥದೊಂದು ಕ್ವಾಯರಿನ ವಸತಿಶಾಲೆಯಲ್ಲಿ ಬೆಳೆದವರು. ಎಂಟನೇ ವಯಸ್ಸಿಗೆ ಮನೆ ಬಿಟ್ಟು ಅಲ್ಲಿಗೆ ಹೋಗಿದ್ದರಂತೆ. "ಮೊದಲ ವರ್ಷ ಪ್ರತಿ ಭಾನುವಾರ ಅತ್ತಿದ್ದೆ. ಎರಡನೇ ವರ್ಷದಿಂದ ಮನೆಗೆ ಹೋದಾಗ ಅಳು ಬರುತ್ತಿತ್ತು" ಎಂದರು. ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ. ಎರಡು ವರ್ಷಕ್ಕೊಮ್ಮೆ ಮಂಗಳೂರಿಗೆ ಹೋದಾಗ ಅಮ್ಮನ ಮನೆಯ ಯಾವ ಸ್ವಿಚ್ಚು ಯಾವ ದೀಪದ್ದೆಂದು ಗೊತ್ತಾಗದೆ ನಾನೂ ಪೆಚ್ಚಾಗಿ ನಿಂತಿದ್ದುಂಟು.

ಇನ್ನು ನನ್ನ ಘನಕಾರ್ಯಕ್ಕೆ ಬರುತ್ತೇನೆ. ಒಂದು ಸಂಜೆ ಹುಡುಗರು ಹೊಸ ಹಾಡೊಂದನ್ನು ಎತ್ತಿಕೊಂಡರು. ಜರ್ಮನ್ ಪದಗಳು. ಮೊದಲ ಸಾಲಿಗೇ ನನ್ನ ಕಿವಿ ನೆಟ್ಟಗಾಯಿತು. ಅದು ನಮ್ಮ ಅಜ್ಜಿಯ ಹಾಡು! ಅಜ್ಜ ಮಂಗಳೂರಿನಲ್ಲಿ ಜರ್ಮನ್ ಪಾದ್ರಿಗಳು ಕಟ್ಟಿಸಿದ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಅಜ್ಜಿ ಬೆಳಿಗ್ಗೆ ತೆಂಗಿನಕಾಯಿ ತುರಿಯುತ್ತಾ ಕನ್ನಡದಲ್ಲಿ ಇದೇ ಗೀತೆಯನ್ನು ಹಾಡುತ್ತಿದ್ದರು. ಒಂದು ಚರಣಕ್ಕೆ ಒಂದು ಕಡಿ ಕಾಯಿ ಮುಗಿಯುತ್ತಿತ್ತು. ಭಾನುವಾರ ಚರ್ಚಿನಲ್ಲಿ ಇಡೀ ಸಭೆ ಹಾಡುವಾಗ ಪ್ರತಿ ಸಾಲಿನ ಕೊನೆಗೆ ನಿಂತು, ಮುದುಕಿಯರಿಗೆಲ್ಲ ಉಸಿರು ಸಿಕ್ಕಿದ ಮೇಲೆಯೇ ಮುಂದಿನ ಸಾಲು. ಈ ಹುಡುಗರೋ ಬಸ್ಸು ತಪ್ಪಿಹೋಗುವವರ ಹಾಗೆ ಓಡುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಅಭ್ಯಾಸ ಮುಗಿದ ಕೂಡಲೇ ಹೋಗಿ ಹೇಳಿದೆ. "ಸರ್, ನೀವಿದನ್ನು ತಪ್ಪಾಗಿ ಹೇಳಿಕೊಡುತ್ತಿದ್ದೀರಿ. ಇದು ಇಷ್ಟು ಅವಸರದ ಹಾಡಲ್ಲ."

ಜರ್ಮನ್ ಕಾಂಟೋರಿಗೆ ಜರ್ಮನ್ ಹಾಡಿನ ಪಾಠ! ಜೀವನ್ ನೆಲ ಬಿರಿಯಲಿ ಎಂದು ಕಾಯುವವನಂತೆ ಬೂಟು ನೋಡುತ್ತಾ ನಿಂತ. ಕಾಂಟೋರ್ ನಗಲಿಲ್ಲ. "ನಿಮ್ಮದು ಹೇಗಿದೆ? ಹಾಡಿ ತೋರಿಸಿ" ಎಂದರು. ನಾನೂ ಬಿಡಲಿಲ್ಲ, ಅಜ್ಜಿಯ ಕನ್ನಡದಲ್ಲಿ, ಅಜ್ಜಿಯ ನಿಧಾನದಲ್ಲಿ ಒಂದು ಚರಣ ಪೂರ್ತಿ ಹಾಡಿದೆ. ಅವರ ಹುಡುಗರು ಅಷ್ಟು ಹೊತ್ತಿನಲ್ಲಿ ಮೂರು ಚರಣ ಮುಗಿಸುತ್ತಿದ್ದರೇನೋ. ಅವರು ಕಣ್ಣು ಮುಚ್ಚಿ ಕೇಳಿ ಹೇಳಿದರು. "ನಮ್ಮ ಮುತ್ತಜ್ಜನ ಕಾಲಕ್ಕೂ ಹಿಂದೆ ನಮ್ಮಲ್ಲೂ ಹೀಗೇ ಎಳೆದು ಹಾಡುತ್ತಿದ್ದರು. ನಿಮ್ಮೂರಿಗೆ ಬಂದ ಪಾದ್ರಿಗಳು ಅದನ್ನೇ ತಂದಿರಬೇಕು. ಆಮೇಲೆ ನಾವು ವೇಗವಾಗಿ ಹಾಡಲು ಶುರು ಮಾಡಿದೆವು. ನಿಮಗೆ ಹೇಳಿ ಕಳಿಸಲು ಮರೆತುಬಿಟ್ಟೆವು."

ಆ ದಿನ ಟೋಲ್ ರೋಡಿನಲ್ಲಿ ಬರುವಾಗ ನನಗೆ ಹೆಮ್ಮೆಯೂ ಆಗಿತ್ತು, ಕಸಿವಿಸಿಯೂ ಆಗಿತ್ತು. ನಮ್ಮದೇ ಎಂದುಕೊಂಡದ್ದು ಅವರದು, ಅವರದು ಎಂದರೆ ಅವರೇ ಬಿಟ್ಟುಬಿಟ್ಟದ್ದು. ಇಲ್ಲಿರುವ ನಾವೂ ಹೀಗೆಯೇ ಅಲ್ಲವೇ? ನಾನು ಮಗನಿಗೆ ಹೇಳುವ ಮಂಗಳೂರು ನಾನು ಹೊರಟ ದಿನದ್ದು. ಅಲ್ಲಿಯವರು ಎಂದೋ ಮುಂದೆ ಹೋಗಿದ್ದಾರೆ. ಅದಾದ ಮೇಲೆ ಕಾಂಟೋರ್ ನನ್ನನ್ನು ಕಂಡಾಗಲೆಲ್ಲ ತುಂಟತನದಿಂದ, "ಇವತ್ತಿನ ವೇಗ ಸರಿಯಿದೆಯೇ?" ಎಂದು ಕೇಳುತ್ತಿದ್ದರು. ನಾನು ಇಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದೆ. ಈ ದೇಶದಲ್ಲಿ ನನ್ನ ಅಭಿಪ್ರಾಯ ಕೇಳುವ ಒಬ್ಬರು ಸಿಕ್ಕಿದ್ದರು. ಆ ವಾರ ಮನೆಯ ಗೋಡೆಗೆ ಮೊದಲ ಮೊಳೆ ಹೊಡೆದೆ.

ಮೂರು ವರ್ಷ ಹೀಗೆ ಸಾಗಿತು. ಆಮೇಲೆ ಒಂದು ಬೆಳಿಗ್ಗೆ ಜೀವನ್ ಬಾತ್‌ರೂಮಿನಿಂದ "ಅಮ್ಮ, ಟವೆಲ್!" ಎಂದು ಕೂಗಿದ. 'ಅಮ್ಮ' ಎಂದಿನಂತೆ ಬಂತು. 'ಟವೆಲ್' ಮೆಟ್ಟಿಲು ತಪ್ಪಿ ಬಿದ್ದ ಹಾಗೆ ಕೆಳಗೆ ಬಿತ್ತು. ಅದೇ ವಾರ ರಂಜನ್‌ಗೆ ಏಪೆಕ್ಸ್‌ನ ಹಳೆಯ ಆಫೀಸಿನಿಂದ ಕರೆ ಬಂದಿತ್ತು. ಈ ಸಲ ಕಾಂಟ್ರಾಕ್ಟ್ ಅಲ್ಲ, ಪರ್ಮನೆಂಟ್. "ಇವನ ಕ್ವಾಯರ್ ಉಂಟಲ್ಲ, ಸ್ವಲ್ಪ ಟೈಮ್ ಕೇಳಿದ್ದೇನೆ" ಎಂದ ಪಾಪ. ನಾನು ಟವೆಲಿನ ಸುದ್ದಿಯನ್ನು ಅವನಿಗೆ ಹೇಳಲಿಲ್ಲ.

ಅದು ಶೀತ ಎಂದು ನಿರ್ಧರಿಸಿಕೊಂಡೆ. ಶುಂಠಿ, ಕಾಳುಮೆಣಸು, ಬೆಲ್ಲ ಹಾಕಿ ದಿನಾ ಕಷಾಯ. "ಅಮ್ಮ, ಐ ಆಮ್ ನಾಟ್ ಸಿಕ್" ಎಂದರೆ, "ಕುಡಿ ಮಾರಾಯ, ಬಾಯಿ ಮುಚ್ಚಿ ಕುಡಿ" ಎನ್ನುತ್ತಿದ್ದೆ. ಹದಿಮೂರು ತುಂಬುತ್ತಿರುವ ಹುಡುಗನ ಒಡೆಯುವ ದನಿಯನ್ನು ಕಷಾಯದಿಂದ ತಡೆಯಲು ಹೊರಟ ತಾಯಿ ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು. ಗೊತ್ತಿರಲಿಲ್ಲ ಎಂದಲ್ಲ. ದನಿ ಒಡೆದವನು ಆ ಕ್ವಾಯರಿನಲ್ಲಿ ಹಾಡುವ ಹಾಗಿರಲಿಲ್ಲ, ಅವನು ಹಾಡದಿದ್ದರೆ ನಾವು ಅಲ್ಲಿ ಉಳಿಯಲು ಕಾರಣವೂ ಇರಲಿಲ್ಲ. ನನಗೆ ಭಯವಾಗಿತ್ತು.

ಕ್ವಾಯರಿನಲ್ಲಿ ಒಂದು ಪದ್ಧತಿ ಇತ್ತು. ವರ್ಷಕ್ಕೆ ಎರಡು ಮೂರು ಸಲ ಕಾಂಟೋರ್ ಪ್ರತಿ ಹುಡುಗನನ್ನು ಪಿಯಾನೊ ಪಕ್ಕ ನಿಲ್ಲಿಸಿ, ಇಪ್ಪತ್ತರಿಂದ ಹಿಂದಕ್ಕೆ ಎಣಿಸಲು ಹೇಳುತ್ತಿದ್ದರು. ಹಾಡುವಾಗ ಹುಡುಗರು ದನಿಯನ್ನು ಎತ್ತಿ ಹಿಡಿಯಬಲ್ಲರು, ಮಾತಾಡುವಾಗ ಅದು ಸಿಕ್ಕಿಬೀಳುತ್ತದೆ. ಆ ಮಾತಿನ ದನಿ ಯಾವ ಸ್ವರದ ಹತ್ತಿರ ಇದೆಯೆಂದು ನೋಡಿ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಈ ಪರೀಕ್ಷೆ ಹತ್ತಿರ ಬಂದಾಗ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆ. ಮನೆಯಲ್ಲಿ ಜೀವನ್‌ನನ್ನು ಎದುರಿಗೆ ಕೂರಿಸಿಕೊಂಡು, ಟ್ವೆಂಟಿ, ನೈಂಟೀನ್, ಎಯ್ಟೀನ್ ಎಂದು ಸಣ್ಣ ದನಿಯಲ್ಲಿ ಎಣಿಸುವುದನ್ನು ಪ್ರಾಕ್ಟೀಸ್ ಮಾಡಿಸಿದೆ. ಅವನು ಒಂದು ಮಾತೂ ಎದುರಾಡದೆ ಎಣಿಸಿದ.

ಪರೀಕ್ಷೆಯ ದಿನ ನಾನು ಬಾಗಿಲ ಹತ್ತಿರವೇ ಇದ್ದೆ. ಜೀವನ್ ಚೆನ್ನಾಗಿ ಎಣಿಸಿದ, ಕೊಳಲಿನ ಹಾಗೆ. ಕಾಂಟೋರ್ ಪೆನ್ನು ಎತ್ತಿಕೊಳ್ಳಲಿಲ್ಲ. "ಚೆನ್ನಾಗಿದೆ. ಈಗ ನಿಮ್ಮ ಮನೆಯ ಭಾಷೆಯಲ್ಲಿ ಎಣಿಸು" ಎಂದರು.

ಜೀವನ್ ನನ್ನ ಕಡೆ ನೋಡಿದ. ನಾನು ಗೋಡೆ ನೋಡಿದೆ. "ಇಪ್ಪತ್ತು... ಹತ್ತೊಂಬತ್ತು..." ಎಂದು ಸಣ್ಣಗೆ ಶುರು ಮಾಡಿದ. ನನ್ನ ಮಗನಿಗೆ ಕನ್ನಡದಲ್ಲಿ ಮುಂದಕ್ಕೆ ಎಣಿಸುವುದೇ ಕಷ್ಟ, ಇನ್ನು ಹಿಂದಕ್ಕೆ! ಹದಿನೇಳಕ್ಕೆ ತಡವರಿಸಿದ, ಹಣೆ ಗಂಟಿಕ್ಕಿ ಹುಡುಕಿದ. ಹುಡುಕುವ ಭರದಲ್ಲಿ ದನಿಯನ್ನು ಹಿಡಿದಿಡುವುದು ಮರೆತುಹೋಯಿತು. "ಹದಿನಾಲ್ಕು, ಹದಿಮೂರು" ಎನ್ನುವಷ್ಟರಲ್ಲಿ ಪಿಯಾನೊ ಪಕ್ಕದಿಂದ ಕೇಳಿಬಂದದ್ದು ಯಾರೋ ಗಂಡಸಿನ ದನಿ. ನಮ್ಮಪ್ಪನ ದನಿಯ ಛಾಯೆ ಇತ್ತು ಅದರಲ್ಲಿ.

ಕಾಂಟೋರ್ ಗುರುತು ಹಾಕಿಕೊಂಡು ನನ್ನನ್ನು ಒಳಗೆ ಕರೆದರು. "ಇನ್ನು ಒಂದು ವರ್ಷ ಇವನು ನಮ್ಮ ಜೊತೆ ಹಾಡುವ ಹಾಗಿಲ್ಲ. ನಮ್ಮ ವಸತಿಶಾಲೆಯಲ್ಲಿ ದನಿ ಒಡೆದವರನ್ನು ಮನೆಗೆ ಕಳಿಸುತ್ತಿರಲಿಲ್ಲ. ಅದೇ ಮಂಚ, ಅದೇ ಊಟ. ಹಾಡಿನ ಹಾಳೆಗಳನ್ನು ಜೋಡಿಸುವುದು, ಚಿಕ್ಕವರಿಗೆ ಉಸಿರಾಟ ಹೇಳಿಕೊಡುವುದು ಅವರ ಕೆಲಸ. ಯಾವ ದನಿ ಬರುತ್ತದೆಂದು ಕಾಯಬೇಕು, ಅಷ್ಟೆ. ಇವನೂ ಇಲ್ಲಿ ಹಾಗೆ ಇರಬಹುದು." ಕಷಾಯದ ವಾಸನೆ ಅವರಿಗೆ ಮೊದಲೇ ಬಂದಿತ್ತೋ ಏನೋ.

ಕಾರಿನಲ್ಲಿ ನಾನೇ ಬಾಯಿ ತೆರೆದೆ. "ನಿನಗೆ ಮೊದಲೇ ಗೊತ್ತಿತ್ತಾ?"

"ಟೂ ಮಂತ್ಸ್" ಎಂದ ಜೀವನ್.

"ಮತ್ತೆ ಯಾಕೆ ಹೇಳ್ಲಿಲ್ಲ?"

"ಯು ಲುಕ್ಡ್ ಸೋ ಸ್ಕೇರ್ಡ್, ಅಮ್ಮ." ಆಮೇಲೆ, "ಏಪೆಕ್ಸ್ ಈಸ್ ಓಕೆ. ಡ್ಯಾಡಿ ಜಾಬ್ ಗುಡ್ ಅಲ್ವಾ? ನಾವು ಹೋಗ್ಬಹುದು" ಎಂದ.

"ಮತ್ತೆ ಕ್ವಾಯರ್? ನೀನು ಇಲ್ಲೇ ಇರ್ಬಹುದು ಅಂದ್ರಲ್ಲ ಅವರು?"

"ಅಮ್ಮ, ಕ್ವಾಯರ್ ನಿನಗೆ ಜಾಸ್ತಿ ಬೇಕು. ನನಗೆ ಅಷ್ಟು ಇಲ್ಲ."

ಸಿಟ್ಟು ಬಂತು. ಎರಡು ಎಕ್ಸಿಟ್ ದಾಟುವವರೆಗೂ ಸಿಟ್ಟಿನಲ್ಲೇ ಓಡಿಸಿದೆ. ಮೂರನೆಯದರ ಹೊತ್ತಿಗೆ ಅವನು ಹೇಳಿದ್ದು ನಿಜವೆಂದು ಅರ್ಥವಾಗಿ ಕಣ್ಣು ಮಂಜಾಯಿತು. ಮನೆಗೆ ಬಂದು ರಂಜನ್‌ಗೆ ಎಲ್ಲ ಹೇಳಿದೆ, ಟವೆಲಿನಿಂದ ಹಿಡಿದು. ಅವನು ಬೈಯಲಿಲ್ಲ. "ಈಗ ಎಂತ ಮಾಡುವಾ?" ಎಂದ. "ಮಿಕ್ಸಿಯ ಪೆಟ್ಟಿಗೆ ಉಂಟು" ಎಂದೆ.

ಇದನ್ನು ಏಪೆಕ್ಸ್‌ನಿಂದ ಬರೆಯುತ್ತಿದ್ದೇನೆ. ಮನೆ ದೊಡ್ಡದು, ಹಿತ್ತಲಲ್ಲಿ ಪೈನ್ ಮರಗಳು, ಬಸಳೆ ಹಾಕಲು ಜಾಗ. ಕನ್ನಡದ ಆಂಟಿಯರು "ಸೆಟ್ಲ್ ಆದ್ರಾ?" ಎಂದು ಕೇಳುತ್ತಾರೆ. ಹೂಂ ಎನ್ನುತ್ತೇನೆ. ಕ್ವಾಯರಿಗೆ ಹೊರಡುತ್ತಿದ್ದ ಮಂಗಳವಾರ ಸಂಜೆ ನಾಲ್ಕಾದರೆ ಕೈ ತಾನಾಗಿ ಕಾರಿನ ಕೀ ಹುಡುಕುತ್ತದೆ. ಹಿಂದೆ ಮಂಗಳೂರು ನೆನೆದು ಚಡಪಡಿಸುತ್ತಿದ್ದವಳು ಈಗ ಒಂದು ನೆಲಮಾಳಿಗೆಯನ್ನೂ ಸೇರಿಸಿಕೊಂಡು ಚಡಪಡಿಸುತ್ತೇನೆ.

ಹರ್ನ್‌ಡನ್ ಬಿಟ್ಟು ಹೊರಡುವ ಹಿಂದಿನ ಭಾನುವಾರ ಜೀವನ್ ತನ್ನ ಹಾಡಿನ ಫೋಲ್ಡರನ್ನು ಕ್ವಾಯರಿನ ಅತಿ ಚಿಕ್ಕವನ ಕೈಗೆ ಕೊಟ್ಟು, ಎಲ್ಲರ ಕೈ ಕುಲುಕಿ, ಕ್ವಾಯರ್ ನಿಲ್ಲುವ ಅಟ್ಟದಿಂದ ಕೆಳಗಿಳಿದು ಬಂದು ನನ್ನ ಮತ್ತು ರಂಜನ್ ನಡುವೆ ಕೂತ. ಅಲ್ಲಿಯ ಪದ್ಧತಿ ಅದು. ಕೊನೆಯ ಹಾಡನ್ನು ಇಡೀ ಸಭೆ ಎದ್ದು ನಿಂತು ಹಾಡಬೇಕಿತ್ತು. ಆರ್ಗನ್ ಶುರುವಾಯಿತು. ಅಜ್ಜಿಯ ಹಾಡು, ಕಾಂಟೋರಿನ ವೇಗದಲ್ಲಿ.

ಇವತ್ತಾದರೂ ಜಗಳ ಬೇಡ ಎಂದುಕೊಂಡೆ. ಮೊದಲೆರಡು ಚರಣ ಪುಸ್ತಕ ನೋಡಿ ಎಲ್ಲರ ಜೊತೆ ಹಾಡಿದೆ. ಕೊನೆಯ ಚರಣದ ಮಧ್ಯೆ ಪುಸ್ತಕದ ಅಕ್ಷರ ಕಾಣಿಸದಾಯಿತು. ಬಾಯಿ ತನ್ನ ಪಾಡಿಗೆ ಕನ್ನಡಕ್ಕೆ ಹೊರಳಿತು, ಸಾಲಿನ ಕೊನೆಗೆ ನಿಂತಿತು, ಊರಿನ ಮುದುಕಿಯರಿಗೆ ಕಾಯಿತು. ಇಡೀ ಚರ್ಚು ಹಾಡು ಮುಗಿಸಿ ಪುಸ್ತಕ ಮುಚ್ಚುವಾಗ ನನ್ನ ಬಾಯಲ್ಲಿ ಇನ್ನೂ ಒಂದು ಸಾಲು ಉಳಿದಿತ್ತು. ಮುಂದಿನ ಬೆಂಚಿನವರು ತಿರುಗಿ ನೋಡಿದರು. ಮುಖ ಬಿಸಿಯಾಗಿ, ನಿಲ್ಲಿಸಿಬಿಡೋಣ ಎನ್ನುವಷ್ಟರಲ್ಲಿ ಪಕ್ಕದಿಂದ ಒಂದು ದನಿ ಎದ್ದಿತು. ದೊರಗು, ಅಡ್ಡಾದಿಡ್ಡಿ, ಎಲ್ಲಿ ಏರುತ್ತದೆ ಎಲ್ಲಿ ಬೀಳುತ್ತದೆಂದು ತನಗೇ ಗೊತ್ತಿಲ್ಲದ ದನಿ. ಹಾಡಬಾರದೆಂದು ಹೇಳಿಸಿಕೊಂಡ ಜೀವನ್, ಕಾರಿನಲ್ಲಿ ನನ್ನ ಬಾಯಿಂದ ಕೇಳಿ ಕೇಳಿ ಕಲಿತ ಕನ್ನಡದಲ್ಲಿ, ಅಜ್ಜಿಯ ನಿಧಾನದಲ್ಲಿ ಹಾಡುತ್ತಿದ್ದ.

ಮೇಲೆ ಆರ್ಗನ್ ಮತ್ತೆ ಶುರುವಾಯಿತು. ಕಾಂಟೋರ್ ಆ ಒಂದು ಸಾಲಿಗೆ ಹಿಂದಿರುಗಿ ಬಂದು ನಮ್ಮ ಉಸಿರಿಗೆ ಸರಿಯಾಗಿ ನುಡಿಸಿದರು. ಆ ಸಾಲು ಮುಗಿಯುವಷ್ಟು ಹೊತ್ತು ನಾನು ಎಲ್ಲಿಯವಳೆಂದು ನನಗೆ ಗೊತ್ತಿತ್ತು. ಆಮೇಲೆ ನಾವು ಮೂವರೂ ಹೊರಗೆ ಬಂದು ಕಾರು ಹತ್ತಿದೆವು.