ಹೊಟ್ಟೆಗೆ ಹೋಗುವ ನೀರು

ಮೊದಲು ಕೆಟ್ಟದ್ದು ಸಾರಿನ ರುಚಿ.

ಆಕ್ಲೆಂಡಿನಲ್ಲಿ, ಮೌಂಟ್ ಆಲ್ಬರ್ಟಿನ ನಮ್ಮ ಮನೆಯಲ್ಲಿ ಒಂದು ಸಂಜೆ ಊಟಕ್ಕೆ ಕೂತ ನನ್ನ ಗಂಡ ಎರಡನೇ ತುತ್ತಿಗೆ ಕೈ ತಡೆದು, "ಯಾಕೋ ಸಾರು ಕಬ್ಬಿಣದಂಗ ಹತ್ತಲಿಕತ್ತದ," ಅಂದರು. ನನಗೆ ಸಿಟ್ಟು ಬಂತು. ಮದುವೆಯಾದಾಗಿನಿಂದ ನನ್ನ ಅಡುಗೆಗೆ ಹೆಸರಿಡದ ಮನುಷ್ಯ. ಮರುದಿನ ಚಹಾ ಕಬ್ಬಿಣವಾಯಿತು. ಆಮೇಲೆ ಬಾಳೆಹಣ್ಣು. ಬಾಳೆಹಣ್ಣನ್ನು ನಾನು ಮಾಡಿದ್ದಲ್ಲ. ಸಿಟ್ಟು ಇಳಿದು, ಇದೇನಿರಬಹುದು ಎಂಬ ಕುತೂಹಲ ತಲೆ ಹೊಕ್ಕಿತು. ನಾನು ಧಾರವಾಡದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿದವಳು. ತಲೆ ಹೊಕ್ಕಿದ್ದು ಸುಲಭಕ್ಕೆ ಹೊರಗೆ ಹೋಗುವುದಿಲ್ಲ.

ಕಾಲುಚೀಲ ಬಿಚ್ಚಿದ ಮೇಲೆ ಕಣಕಾಲಿನ ಸುತ್ತ ಉಳಿಯುತ್ತಿದ್ದ ಗುರುತು ಬೆಳಗಾದರೂ ಹೋಗುತ್ತಿರಲಿಲ್ಲ. ನ್ಯೂ ನಾರ್ತ್ ರಸ್ತೆಯ ಡಾಕ್ಟರು ಬಿ.ಪಿ. ನೋಡಿದರು, ಇನ್ನೊಮ್ಮೆ ನೋಡಿದರು, ಆಮೇಲೆ ಯಂತ್ರ ಬದಲಿಸಿ ನೋಡಿದರು. ಬ್ಲಡ್ ಟೆಸ್ಟಿಗೆ ಕಳಿಸಿದರು. ಮರುದಿನ ಅವರೇ ಫೋನ್ ಮಾಡಿದರು. ಈ ದೇಶದಲ್ಲಿ ಡಾಕ್ಟರು ತಾವಾಗಿ ಫೋನ್ ಮಾಡಿದರೆ ಅದು ಒಳ್ಳೆಯ ಸುದ್ದಿಯಲ್ಲ ಎಂದು ನನಗೆ ಗೊತ್ತಾದದ್ದು ಆಗ.

ಎರಡೂ ಕಿಡ್ನಿ.

ವರ್ಷಗಟ್ಟಲೆ ಸದ್ದಿಲ್ಲದೆ ಏರಿದ್ದ ಬಿ.ಪಿ. ಅವನ್ನು ತಿಂದುಹಾಕಿತ್ತು. ನನ್ನದೊಂದು ಕೊಡುತ್ತೇನೆ ಎಂದೆ. ಹೊಂದಲಿಲ್ಲ. ಬೇರೆ ಯಾರದಾದರೂ ಸಿಗುವವರೆಗೆ, ಅದು ಯಾವಾಗಲೋ, ಡಯಾಲಿಸಿಸ್. ಆಸ್ಪತ್ರೆಯ ಸ್ಪೆಷಲಿಸ್ಟ್ ಎರಡು ದಾರಿ ಹೇಳಿದರು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಬಂದು ಯಂತ್ರಕ್ಕೆ ರಕ್ತ ಕೊಟ್ಟು ಕೂರುವುದು ಒಂದು. ಹೊಟ್ಟೆಗೆ ಶಾಶ್ವತವಾಗಿ ಒಂದು ಟ್ಯೂಬ್ ಹಾಕಿಸಿಕೊಂಡು, ದಿನಕ್ಕೆ ನಾಲ್ಕು ಸಲ ಒಳಗಿನ ಹಳೆಯ ನೀರನ್ನು ಹೊರಗೆ ತೆಗೆದು ಚೀಲದ ಹೊಸ ನೀರನ್ನು ತುಂಬಿಕೊಳ್ಳುವುದು ಇನ್ನೊಂದು. ಎರಡನೆಯದಕ್ಕೆ ಯಂತ್ರವೂ ಬೇಡ, ಆಸ್ಪತ್ರೆಯ ಪಕ್ಕದಲ್ಲಿ ಮನೆಯೂ ಬೇಡ. "ಮುಂದೆ ಹೇಗೆ ಬದುಕಬೇಕೆಂದಿದ್ದೀರಿ? ಅದನ್ನು ನೋಡಿ ಆರಿಸಿಕೊಳ್ಳಿ," ಎಂದರು.

"ನೀವು ಹೇಳಿದ ಹಾಗೆ, ಡಾಕ್ಟರ್," ಎಂದರು ಇವರು.

ಇವರ ಭಿಡೆಯ ವಿಚಾರ ಇಲ್ಲೇ ಹೇಳಿಬಿಡುತ್ತೇನೆ. ಇನ್ನೊಬ್ಬರಿಗೆ ಬೇಡ ಅನ್ನುವುದು ಇವರ ಬಾಯಲ್ಲಿ ಬರುವುದಿಲ್ಲ. ಬಾಗಿಲಿಗೆ ಬಂದವನ ಮುಖ ನೋಡಲಾರದೆ ಬೇಡದ ವ್ಯಾಕ್ಯೂಮ್ ಕ್ಲೀನರ್ ಕೊಂಡಿದ್ದಾರೆ. ರಕ್ತ ತೆಗೆಯುವಾಗ ನರ ಸಿಗದಿದ್ದರೆ ನರ್ಸ್‌ಗೆ ಇವರೇ ಸಾರಿ ಹೇಳುತ್ತಾರೆ. ಹಾಗಾಗಿ ನಾನೇ ಬಾಯಿ ಬಿಟ್ಟೆ. ನಮ್ಮ ಅಂಗಳದಲ್ಲಿ ಹಳೆಯ ಕ್ಯಾಂಪರ್‌ವ್ಯಾನ್ ಒಂದು ನಿಂತಿದೆ, ಹೋದ ಬೇಸಿಗೆಯಲ್ಲಿ ಕೊಂಡದ್ದು, ಅದರಲ್ಲೇ ಒಂದು ವರ್ಷ ಇದ್ದು ದೇಶವೆಲ್ಲ ನೋಡಬೇಕೆಂಬುದು ಇವರ ಆಸೆ, ಎಂದೆ. ಡಾಕ್ಟರು ನಗಬಹುದು ಅಂದುಕೊಂಡಿದ್ದೆ. "ವ್ಯಾನಿನ ಕಿಟಕಿಗಳು ಸರಿಯಾಗಿ ಮುಚ್ಚುತ್ತವೆಯೇ?" ಎಂದಷ್ಟೇ ಕೇಳಿದರು.

ಕಿಟಕಿಯ ಮಾತು ಯಾಕೆಂದು, ಹೊಟ್ಟೆಗೆ ಟ್ಯೂಬ್ ಹಾಕಿದ ಮೇಲೆ ಆಸ್ಪತ್ರೆಯಲ್ಲಿ ಕೊಟ್ಟ ಟ್ರೇನಿಂಗ್‌ನಲ್ಲಿ ತಿಳಿಯಿತು. ಟ್ಯೂಬಿಗೆ ಚೀಲ ಜೋಡಿಸುವ ಆ ಒಂದು ಗಳಿಗೆಯಲ್ಲಿ ಗಾಳಿ ಆಡಬಾರದು, ಧೂಳು ಹಾರಬಾರದು. ಮಾಸ್ಕ್ ಹಾಕಬೇಕು, ಮಾತಾಡಬಾರದು. ಕೈ ತೊಳೆದ ಮೇಲೆ ಏನನ್ನೂ ಮುಟ್ಟಬಾರದು. ಹೊಟ್ಟೆಯೊಳಗೆ ಇನ್‌ಫೆಕ್ಷನ್ ಆಗಿ ಅದು ಹಟ ಹಿಡಿದು ಕೂತರೆ ಟ್ಯೂಬ್ ತೆಗೆಯಬೇಕಾಗುತ್ತದೆ ಎಂದು ನರ್ಸ್ ಜೂಡಿ ಮೊದಲ ದಿನವೇ ಹೇಳಿದಳು. ಟ್ಯೂಬ್ ಹೋದರೆ ಕುತ್ತಿಗೆಯ ನರಕ್ಕೆ ಇನ್ನೊಂದು ನಳಿಗೆ, ಆಸ್ಪತ್ರೆಯ ಯಂತ್ರ. ವ್ಯಾನೂ ಹೋಯಿತು, ಊರೂರು ತಿರುಗುವುದೂ ಹೋಯಿತು.

ನನ್ನ ಪ್ರಶ್ನೆ ಬೇರೆಯೇ ಇತ್ತು. ಹೊಟ್ಟೆಗೆ ಬಿಟ್ಟ ನೀರು ರಕ್ತದೊಳಗಿನ ಹೊಲಸನ್ನೂ ಹೆಚ್ಚಿನ ನೀರನ್ನೂ ಹೊರಗೆ ತರುವುದು ಹೇಗೆ? ಆ ನೀರಿನಲ್ಲಿ ಸಕ್ಕರೆ ಇದೆ, ಅದು ಎಳೆಯುತ್ತದೆ, ಎಂದಳು ಜೂಡಿ. ನನಗೆ ಫಕ್ಕನೆ ಹೊಳೆಯಿತು. ಉಪ್ಪು ಬೆರೆಸಿಟ್ಟ ಮಾವಿನಕಾಯಿ ಹೋಳು ರಾತ್ರಿ ಕಳೆಯುವುದರೊಳಗೆ ನೀರು ಬಿಟ್ಟುಕೊಂಡಿರುತ್ತದಲ್ಲ, ಅದೇ. ವರ್ಷಗಟ್ಟಲೆ ಕರಿಹಲಗೆಯ ಮೇಲೆ ಬರೆದು ಕಲಿಸಿದ್ದನ್ನು ಗಂಡನ ಹೊಟ್ಟೆಯಲ್ಲಿ ನೋಡುವ ಯೋಗ ಬಂದಿತ್ತು.

"ಅಂದ್ರ ನಾನು ಉಪ್ಪಿನಕಾಯಿ," ಅಂದರು ಇವರು. ಕಾಯಿಲೆ ಗೊತ್ತಾದ ಮೇಲೆ ಇವರು ಮಾಡಿದ ಮೊದಲ ತಮಾಷೆ ಅದು. ನಾನು ನಕ್ಕೆ, ಆಮೇಲೆ ಅತ್ತೆ.

ಮನೆ ಬಾಡಿಗೆಗೆ ಕೊಟ್ಟು ಹೊರಟೆವು. ಇವರು ಎಂಜಿನಿಯರು. ಕಂಪನಿಯವರು ಅರ್ಧ ಕೆಲಸವನ್ನು ಲ್ಯಾಪ್‌ಟಾಪಿನಲ್ಲೇ ಮಾಡಲು ಬಿಟ್ಟರು. ಬೆಳಿಗ್ಗೆ ತೂಕ ನೋಡುವುದು, ಇಲೆಕ್ಟ್ರಿಕ್ ಬ್ಲ್ಯಾಂಕೆಟ್ಟಿನಲ್ಲಿ ಚೀಲ ಸುತ್ತಿ ಬೆಚ್ಚಗೆ ಮಾಡುವುದು, ಕಿಟಕಿಯ ಮೇಲಿನ ಹುಕ್ಕಿಗೆ ತೂಗಹಾಕುವುದು. ಹೊರಬಂದ ನೀರು ತಿಳಿಹಳದಿ. ಅದನ್ನು ಚೆಲ್ಲಲು ಕ್ಯಾಂಪಿನ ಟಾಯ್ಲೆಟ್ಟಿಗೆ ಒಯ್ಯುವಾಗ ಪಕ್ಕದ ಕ್ಯಾರವಾನಿನ ಅಜ್ಜ, "ಹೋಮ್ ಬ್ರೂನಾ, ಮನೇಲಿ ಮಾಡಿದ ಬಿಯರಾ?" ಎಂದು ಆಸೆಯಿಂದ ಕೇಳಿದ್ದ. ವಿಷಯ ಹೇಳಿದೆ. ಆತನಿಗೆ ನನಗಿಂತ ಹೆಚ್ಚು ಕುತೂಹಲ. ಸಂಜೆಯವರೆಗೂ ಬಂದು ಬಂದು ಪ್ರಶ್ನೆ ಕೇಳಿದ.

ಕೈಕೌರಾ ಎಂಬ ಕಡಲತೀರದ ಊರಲ್ಲಿ ಒಂದು ಮಧ್ಯಾಹ್ನ ವ್ಯಾನನ್ನು ಸಮುದ್ರಕ್ಕೆ ಮುಖ ಮಾಡಿ ನಿಲ್ಲಿಸಿದ್ದೆವು. ಇಳಿತದ ಹೊತ್ತು. "ಅಲ್ಲಿ ಖಾಲಿ ಆಗಲಿಕತ್ತದ, ಇಲ್ಲಿ ತುಂಬಲಿಕತ್ತದ," ಎಂದು ಇವರು ಹೊಟ್ಟೆ ತಟ್ಟಿಕೊಂಡರು. ಸುಖವಾಗಿದ್ದರು. ನಾನೂ ಇದ್ದೆ, ಬಹಳಷ್ಟು ಹೊತ್ತು. ಇಲ್ಲದ ಹೊತ್ತಿನಲ್ಲಿ ಕ್ಯಾಂಪಿನ ಲಾಂಡ್ರಿಗೆ ಹೋಗುತ್ತಿದ್ದೆ. ವ್ಯಾನಿನಲ್ಲಿ ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು ಅಳಲಾಗುವುದಿಲ್ಲ, ಲಾಂಡ್ರಿಯಲ್ಲಿ ಡ್ರೈಯರಿನ ಸದ್ದು ಇರುತ್ತದೆ.

ನೀರಿನ ಚೀಲಗಳು ಡಬ್ಬಗಟ್ಟಲೆ ಕೊರಿಯರಿನಲ್ಲಿ ನಮಗಿಂತ ಮುಂಚೆ ಮುಂದಿನ ಊರಿಗೆ ಹೋಗಿರುತ್ತಿದ್ದವು. ಕ್ರೈಸ್ಟ್‌ಚರ್ಚಿನ ಡಬ್ಬಗಳನ್ನು ಹಾರ್ನ್‌ಬಿಯಲ್ಲಿರುವ ಗಿರೀಶನ ಮನೆಗೆ ತರಿಸಿದ್ದೆವು. ಗಿರೀಶ ಮೊದಲು ಆಕ್ಲೆಂಡಿನಲ್ಲಿ ನಮ್ಮ ನೆರೆಯವನು, ಈಗ ಅಲ್ಲಿನ ಒಂದು ಉಗ್ರಾಣದ ಮ್ಯಾನೇಜರ್. ಅವನ ತಾಯಿ ಕಮಲಾ ಆಂಟಿ ಬಾಗಲಕೋಟೆಯವರು. ಹಾರ್ನ್‌ಬಿಯ ಚಳಿಯಲ್ಲೂ ಸ್ನಾನ ಮಾಡಿ ಮಡಿಯುಟ್ಟೇ ಅಡುಗೆ ಮನೆಗೆ ಕಾಲಿಡುವವರು. ನಾವು ಹೋದ ಕೂಡಲೇ ಆಂಟಿ ನಮ್ಮನ್ನು ದೇವರ ಕಪಾಟಿದ್ದ ಕೋಣೆಗೆ ಕರೆದುಕೊಂಡು ಹೋದರು.

ಬಿಳಿ ಪಂಚೆಯ ಮೇಲೆ ನಮ್ಮ ಚೀಲಗಳು ಸಾಲಾಗಿ ಮಲಗಿದ್ದವು. ಒಂದರ ಮೇಲೂ ಹೊರಗಿನ ಹಾಳೆ ಇರಲಿಲ್ಲ.

"ಕೊರಿಯರಿನಾಂವ ಬೂಟುಗಾಲಿಲೆ ಒತ್ತಿ ಒತ್ತಿ ಒಳಗ ತಳ್ಳಿದ," ಅಂದರು ಆಂಟಿ. "ಹೊಟ್ಟಿಯೊಳಗ ಹೋಗೋ ನೀರು. ಹಂಗ ಹ್ಯಾಂಗ ಇಡ್ಲಿ? ಮ್ಯಾಲಿನ ಪ್ಲಾಸ್ಟಿಕ್ ಎಲ್ಲಾ ತಗದು, ತೊಳದು, ಮಡಿ ಬಟ್ಟಿಲೆ ಒರಸಿ ಇಟ್ಟೀನಿ. ವಾರ ಆತು, ಯಾರನ್ನೂ ಈ ಕೋಣಿಯೊಳಗ ಬಿಟ್ಟಿಲ್ಲ."

"ಎಷ್ಟು ಚಂದ ಇಟ್ಟೀರಿ, ಆಂಟಿ," ಅಂದರು ಇವರು.

ಆ ಪ್ಲಾಸ್ಟಿಕ್ ಕೊರಿಯರಿನವರದಲ್ಲ. ಅದು ಚೀಲದ್ದೇ ಭಾಗ. ಜೋಡಿಸುವ ಹೊತ್ತಿನವರೆಗೂ ಅದನ್ನು ಬಿಚ್ಚಬಾರದು, ನೀರು ತಾಗಿಸಲೇಬಾರದು. ವ್ಯಾನಿನಲ್ಲಿ ಇನ್ನೂ ಎರಡು ಒಳ್ಳೆಯ ಚೀಲ ಇವೆ, ಆಸ್ಪತ್ರೆಗೆ ಫೋನ್ ಮಾಡುತ್ತೇನೆ, ಇವನ್ನು ಮುಟ್ಟಬೇಡಿ ಎಂದು ಇವರ ಕಿವಿಯಲ್ಲಿ ಹೇಳಿ, ಗಿರೀಶನ ಜೊತೆ ವ್ಯಾನಿನ ಕೊಳೆನೀರಿನ ಟ್ಯಾಂಕ್ ಖಾಲಿ ಮಾಡಲು ಹೋದೆ. ಹಿಂತಿರುಗುವಷ್ಟರಲ್ಲಿ ಇವರು ದೇವರ ಕೋಣೆಯ ಕುರ್ಚಿಯಲ್ಲಿ ಮಾಸ್ಕ್ ಹಾಕಿಕೊಂಡು ಕೂತಿದ್ದರು. ಆಂಟಿ ತೊಳೆದ ಚೀಲವೊಂದು ಖಾಲಿಯಾಗಿ ಕಿಟಕಿಯ ಚಿಲಕಕ್ಕೆ ತೂಗುತ್ತಿತ್ತು. ಪಕ್ಕದಲ್ಲಿ ಆಂಟಿ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಹೆಮ್ಮೆಯಿಂದ ನಿಂತಿದ್ದರು.

ನೀರು ಒಳಗೆ ಹೋಗಿಯಾಗಿತ್ತು.

ವ್ಯಾನಿಗೆ ಬಂದು ಬಾಗಿಲು ಹಾಕಿ ಕೇಳಿದೆ, "ಗೊತ್ತಿದ್ದೂ ಯಾಕ?"

"ಅಷ್ಟು ಪ್ರೀತಿಲೆ ಮಾಡ್ಯಾರ, ಮಾಲತಿ. ಎದುರಿಗೇ ನಿಂತಿದ್ರು. ಬ್ಯಾಡ ಅಂತ ಹ್ಯಾಂಗ ಅನ್ಲಿ?"

"ಭಿಡೆ ಸಲುವಾಗಿ ಸಾಯ್ತೀರೇನು ನೀವು?"

ನನಗಾದದ್ದು ಸಿಟ್ಟೋ ಹೆದರಿಕೆಯೋ, ಬೇರೆ ಮಾಡಿ ನೋಡುವ ತಾಳ್ಮೆ ಇರಲಿಲ್ಲ.

ಆಸ್ಪತ್ರೆಗೆ ಫೋನ್ ಮಾಡಿದೆ. ಕೂಡಲೇ ಒಳಗಿನದನ್ನು ಒಳ್ಳೆಯ ಚೀಲದಿಂದ ಬದಲಿಸಿ, ತೊಳೆದವನ್ನೆಲ್ಲ ಎಸೆಯಿರಿ, ವಾರ್ಡಿನಿಂದ ಹೊಸವು ಕೊಡುತ್ತೇವೆ ಎಂದರು. ಹೊರಬಂದ ನೀರಿನ ಚೀಲದ ಹಿಂದೆ ಪೇಪರ್ ಹಿಡಿದು ನೋಡಿ, ಅಕ್ಷರ ಓದಲು ಬಂದರೆ ಚಿಂತೆಯಿಲ್ಲ, ಮಬ್ಬಾದರೆ ತಡಮಾಡದೆ ಬನ್ನಿ, ಎಂದರು. ಆವತ್ತು ಸಂಜೆ ಚೀಲದ ಮೂಲಕ ಹಳೆಯ ಗಾಡಿಗಳ ಜಾಹೀರಾತು ಓದಿದೆ. ಮರುದಿನ ನಾಲ್ಕು ಸಲವೂ ಓದಿದೆ. ಕುರಿ ಮಾರಾಟ, ಸೋಫಾ ಮಾರಾಟ, ಎಲ್ಲವೂ ಸ್ಪಷ್ಟ. ಅದರ ಮರುದಿನ ಬೆಳಿಗ್ಗೆ ಇವರು ಹೊಟ್ಟೆ ಹಿಡಿದುಕೊಂಡು ಎದ್ದರು. ಚೀಲದ ಹಿಂದೆ ಪೇಪರ್ ಹಿಡಿದೆ.

ಅಕ್ಷರ ಕಾಣಲಿಲ್ಲ.

ವಾರ್ಡಿನಲ್ಲಿ ಅದೇ ಟ್ಯೂಬಿನಿಂದ ಹೊಟ್ಟೆಯೊಳಗೆ ಆಂಟಿಬಯೋಟಿಕ್ ಬಿಟ್ಟರು. ವಾರದೊಳಗೆ ತಿಳಿಯಾಗದಿದ್ದರೆ ಟ್ಯೂಬ್ ತೆಗೆಯುತ್ತೇವೆ, ಎಂದರು ರಿಜಿಸ್ಟ್ರಾರ್, ಅಂದರೆ ವಾರ್ಡಿನ ಡಾಕ್ಟರು. ಇವರು ಜ್ವರದಲ್ಲೂ ಅವರಿಗೆ ಥ್ಯಾಂಕ್ಸ್ ಹೇಳಿದರು. ನಾನು ಯಾವ ಕ್ರಿಮಿ, ಎಲ್ಲಿಂದ ಬಂತು ಎಂದು ಕೇಳಿದೆ. ಲ್ಯಾಬ್ ರಿಪೋರ್ಟ್ ಬಂದ ದಿನ ಅವರು ನನ್ನ ಪಕ್ಕ ಕೂತು ಹೇಳಿದರು, ಇದು ಎಲ್ಲರ ಚರ್ಮದ ಮೇಲೂ ಇರುವ ಕ್ರಿಮಿ. ನಿಮ್ಮ ಕೈಮೇಲೆ ಇದೆ, ನನ್ನ ಕೈಮೇಲೆ ಇದೆ. ಚೀಲದಿಂದ ಬಂದಿರಬಹುದು. ಇವರದೇ ಬೆರಳಿನಿಂದ ಬಂದಿರಬಹುದು. ಯಾವತ್ತೂ ಗೊತ್ತಾಗುವುದಿಲ್ಲ.

ನನಗೆ ಗೊತ್ತಾಗಬೇಕಿತ್ತು. ಆಂಟಿಯನ್ನು ಬೈಯಲು ಒಂದು ಪುರಾವೆ ಬೇಕಿತ್ತು, ನಿಜ ಹೇಳಬೇಕೆಂದರೆ. ಅದು ಸಿಗಲಿಲ್ಲ. ಎಂಥ ಅಲ್ಪ ಜೀವಿ, ಕಣ್ಣಿಗೂ ಕಾಣದ್ದು, ಯಾರ ಮೈಮೇಲೂ ತೆಪ್ಪಗೆ ಬಿದ್ದಿರುವುದು, ಜಾಗ ತಪ್ಪಿ ಎರಡು ಇಂಚು ಒಳಗೆ ಹೋದರೆ ಒಬ್ಬ ಮನುಷ್ಯನ ವರ್ಷವನ್ನೇ ಕಿತ್ತುಕೊಳ್ಳುತ್ತದೆ. ಹಾಗೆ ಯೋಚಿಸುತ್ತ ಕೂತಾಗ ಹೆದರಿಕೆಯ ನಡುವೆಯೂ ನನಗೆ ಬೆರಗಾಗುತ್ತಿತ್ತು.

ಗಿರೀಶ ಬಂದು, "ಅವ್ವ ಊಟ ಬಿಟ್ಟಾಳ್ರಿ. ತನ್ನದ ಪಾಪ ಅಂತಾಳ," ಅಂದ. ಹೋದೆ. ಆಂಟಿ ಚೀಲಗಳಿಲ್ಲದೆ ಖಾಲಿಯಾದ ದೇವರ ಕೋಣೆಯಲ್ಲಿ ನೆಲದ ಮೇಲೆ ಕೂತಿದ್ದರು. ಮುಚ್ಚಿಡದೆ ಎಲ್ಲ ಹೇಳಿದೆ. ಪ್ಲಾಸ್ಟಿಕ್ ತೆಗೆಯಬಾರದಿತ್ತು ಎಂದೂ ಹೇಳಿದೆ, ರೋಗ ಅದರಿಂದಲೇ ಬಂತೆಂದು ಹೇಳಲಾಗುವುದಿಲ್ಲ ಎಂದೂ ಹೇಳಿದೆ. ಗೊತ್ತಿದ್ದೂ ಜೋಡಿಸಿಕೊಂಡದ್ದು ಇವರು, ಎಂದೂ ಹೇಳಿದೆ.

ಆಂಟಿ ನನ್ನ ಕಡೆ ಸರಿದು ಕೂತು, "ಹ್ಯಾಂಗ ಮಾಡ್ಬೇಕು, ಮೊದಲಿಂದ ಹೇಳು," ಅಂದರು. ಕೈ ತೊಳೆಯುವುದರಿಂದ ಹಿಡಿದು ಎಲ್ಲ ಹೇಳಿದೆ. ಆಮೇಲೆ ನಾವಿಬ್ಬರೂ ಮೊಸರನ್ನ ತಿಂದೆವು.

ಒಂದು ಬೆಳಿಗ್ಗೆ ಚೀಲದ ಹಿಂದೆ ದಪ್ಪ ಅಕ್ಷರ ಕಂಡವು. ಸಂಜೆಗೆ ಸಣ್ಣವೂ ಕಂಡವು. ನಾನು ಗಟ್ಟಿಯಾಗಿ ಓದಿದೆ, ನರ್ಸ್‌ಗಳು ಬಂದು ನೋಡಿದರು. ಟ್ಯೂಬ್ ಉಳಿಯಿತು. ಮುಂದಿನ ಸಲವೂ ಉಳಿಯುತ್ತದೆಂದು ಯಾರೂ ಮಾತು ಕೊಟ್ಟಿಲ್ಲ. ಈ ಸಲದ್ದಕ್ಕೆ ನಾನು ಕೃತಜ್ಞಳು.

ಈಗ ವ್ಯಾನ್ ಗಿರೀಶನ ಮನೆಯ ಅಂಗಳದಲ್ಲಿದೆ. ಇನ್ನೊಂದು ತಪಾಸಣೆ ಮುಗಿದರೆ ದಕ್ಷಿಣಕ್ಕೆ ಹೊರಡುತ್ತೇವೆ. ಮೊನ್ನೆ ಶನಿವಾರ ಮಧ್ಯಾಹ್ನ ಇವರು ಕೈ ತೊಳೆದು ಮಾಸ್ಕ್ ಹಾಕಿ ಕೂತಿದ್ದರು. ನಾನು ಕಿಟಕಿ ಮುಚ್ಚುತ್ತಿದ್ದೆ. ಆಂಟಿ ಬಿಸಿ ಉಪ್ಪಿಟ್ಟಿನ ತಾಟು ಹಿಡಿದು ವ್ಯಾನಿನ ಮೆಟ್ಟಿಲು ಹತ್ತಿದರು. ಇವರ ಪಕ್ಕ ಕೂತು ಏನಾದರೂ ತಿನ್ನಿಸುವುದು ಅವರಿಗೆ ಈಗ ಒಂದು ವ್ರತವೇ ಆಗಿದೆ.

"ಆಂಟಿ, ಬ್ಯಾಡ್ರಿ," ಅಂದರು ಇವರು. "ಇದು ಮುಗಿಯೋತನಕ ಹೊರಗ ಇರ್ರಿ."

ಕಿಟಕಿಯ ಚಿಲಕದ ಮೇಲೆ ನನ್ನ ಕೈ ಹಾಗೇ ನಿಂತಿತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮಾತನ್ನು ಈ ಬಾಯಿಂದ ಕೇಳಿರಲಿಲ್ಲ. ಕಣ್ಣು ನೆಲ ನೋಡುತ್ತಿದ್ದವು. ಆದರೂ ಅಂದಿದ್ದರು.

ಆಂಟಿ ಇವರನ್ನೊಮ್ಮೆ ನೋಡಿದರು. ತಾಟು ಹಿಡಿದುಕೊಂಡೇ ಹಿಂದೆ ಹಿಂದೆ ಇಳಿದರು. ಬಾಗಿಲನ್ನು ಅವರೇ ಎಳೆದುಕೊಂಡರು. ಬೇಜಾರಾಯಿತೇನೋ ಎಂದು ನಾನು ಗಾಜಿನಿಂದ ಇಣುಕಿದೆ. ಹೊರಗೆ ವಾಯವ್ಯದ ನಾರ್‌ವೆಸ್ಟರ್ ಗಾಳಿ ಬೀಸುತ್ತಿತ್ತು. ಆಂಟಿ ತಾಟಿಗೆ ಸೆರಗು ಮುಚ್ಚಿಕೊಂಡು ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದರು. ಅಷ್ಟರಲ್ಲಿ ಗಿರೀಶ ಕಾರು ನಿಲ್ಲಿಸಿ ಬಂದು ಬಾಗಿಲಿಗೆ ಕೈ ಹಾಕಿದ.

"ಮುಟ್ಟಬ್ಯಾಡ," ಅಂದರು ಆಂಟಿ. "ಅವರು ಮಡಿಯೊಳಗಿದ್ದಾರ."

"ಮಡಿ ಏನವ್ವ, ಡಯಾಲಿಸಿಸ್ ಮಾಡ್ಕೊಳ್ಳಿಕತ್ತಾರ ಅಷ್ಟ."

"ನಾ ಮತ್ತೇನಂದೆ?"

ಒಳಗೆ ಮಾಸ್ಕಿನ ಮೇಲೆ ಇವರ ಕಣ್ಣು ನಕ್ಕವು. ನಮಗೆ ಮಾತಾಡುವ ಹಾಗಿರಲಿಲ್ಲ. ಇವರು ಮುಚ್ಚಳ ತೆಗೆದು, ಉಸಿರು ಹಿಡಿದು, ನಿಧಾನಕ್ಕೆ ಟ್ಯೂಬ್ ಜೋಡಿಸಿದರು.